ಆಪರೇಷನ್ ದಿನದ ಕಥೆ ಬಂತು, ಹಿಂದುಮುಂದಿನ ತಿಂಗಳುಗಳ ಕಥೆಯೂ ಬರಲಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಒಂದು ವರದಿ ಓದಿದೆ. ಅಪಘಾತದಲ್ಲಿ ಹೊಟ್ಟೆಯ ಮುಂಭಾಗವನ್ನೇ ಕಳೆದುಕೊಂಡವರೊಬ್ಬರಿಗೆ ತೊಡೆಯ ಚರ್ಮ, ಮಾಂಸ ತಿರುಗಿಸಿ ತಂದು ಮುಚ್ಚಿದ ಸುದ್ದಿ ಅದು. ಇಂಥ ವಿಷಯ ಪತ್ರಿಕೆಗಳಲ್ಲಿ ಬರುವುದೇ ಅಪರೂಪ. ಬರೆಸಿದ್ದಕ್ಕೆ ಥ್ಯಾಂಕ್ಸ್. ಆದರೆ ಓದಿ ಮುಗಿಸಿದವರಿಗೆ ಏನನ್ನಿಸುತ್ತದೆ? ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು, ಸಂಜೆ ಹೊತ್ತಿಗೆ ಹೊಟ್ಟೆ ಮುಚ್ಚಿತು, ಅಲ್ಲಿಗೆ ಮುಗಿಯಿತು ಅಂತ.

ನಾನು ಸರ್ಜರಿ ವಾರ್ಡಿನಲ್ಲಿ ಕೆಲಸ ಮಾಡುವ ಫಿಸಿಯೊಥೆರಪಿಸ್ಟ್. ಆ ಆಪರೇಷನ್ನಿನ ದಿನ ನನಗೆ ಕೆಲಸವೇ ಇರುವುದಿಲ್ಲ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಇರುತ್ತದೆ, ಆಮೇಲಿನ ತಿಂಗಳುಗಳಲ್ಲಿ ಇರುತ್ತದೆ. ಈ ರೋಗಿಗಳು ಗೆಲ್ಲುವುದೂ ಸೋಲುವುದೂ ಬಹಳಷ್ಟು ಸಲ ಆ ತಿಂಗಳುಗಳಲ್ಲೇ. ವರದಿಯಲ್ಲಿ ಅದರ ಸುಳಿವೇ ಇರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಕತ್ತರಿಸಬೇಡಿ.

ಮೊದಲು ಹೊಟ್ಟೆಯ ಗೋಡೆ ಏನು ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಅದು ಬರೀ ಚರ್ಮ, ಕೊಬ್ಬು ಅಲ್ಲ. ನಡುವೆ ಎದೆಗೂಡಿನಿಂದ ಕೆಳಗಿನವರೆಗೆ ಎರಡು ಉದ್ದನೆಯ ಸ್ನಾಯುಪಟ್ಟಿಗಳಿವೆ. ಎರಡೂ ಪಕ್ಕದಲ್ಲಿ ಒಂದರ ಕೆಳಗೊಂದು ಮೂರು ಪದರ ಸ್ನಾಯುಗಳಿವೆ. ಎಲ್ಲವೂ ಬಂದು ಸೇರುವುದು ಮಧ್ಯದ ಒಂದು ಬಿಳಿ, ಗಟ್ಟಿ ಪಟ್ಟಿಗೆ. ಕೆಮ್ಮುವಾಗ, ಸೀನುವಾಗ, ಕಕ್ಕಸಿಗೆ ಕೂತು ತಿಣುಕುವಾಗ, ಹಾಸಿಗೆಯಿಂದ ಏಳುವಾಗ ಇವೆಲ್ಲ ಒಟ್ಟಿಗೆ ಬಿಗಿಯುತ್ತವೆ. ಬೆನ್ನಿಗೆ ಮುಂದಿನಿಂದ ಆಸರೆ ಕೊಡುವುದೂ ಇವೇ. ಈ ಗೋಡೆ ಇಲ್ಲದವರು ಕೆಮ್ಮುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒತ್ತಡ ಮೇಲಕ್ಕೆ ಹೋಗಿ ಕಫ ಹೊರಗೆ ಹಾಕಬೇಕು. ಹಾಗಾಗದೆ ಅದು ತೂತಿನ ಕಡೆ ಹೋಗುತ್ತದೆ. ಹೊಟ್ಟೆ ಮುಂದಕ್ಕೆ ಉಬ್ಬುತ್ತದೆ, ಕಫ ಎದೆಯಲ್ಲೇ ಉಳಿಯುತ್ತದೆ. ರೋಗಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮತ್ತೆ ಕೆಮ್ಮುತ್ತಾರೆ. ಮೂರನೆಯ ಸಲಕ್ಕೆ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಬೆನ್ನುನೋವಂತೂ ಜೊತೆಗೇ ಇರುತ್ತದೆ.

ಇಷ್ಟು ದೊಡ್ಡ ತೂತು ಆಗುವುದು ಅಪಘಾತದಿಂದ ಮಾತ್ರ ಅಲ್ಲ. ಗಡ್ಡೆ ತೆಗೆಯುವಾಗ ಗೋಡೆಯ ಒಂದು ಭಾಗವನ್ನೇ ತೆಗೆಯಬೇಕಾಗಬಹುದು. ಮಾಂಸವನ್ನೇ ಕೊಳೆಸುವ ಸೋಂಕು ಬಂದಿರಬಹುದು. ಹಳೆಯ ಆಪರೇಷನ್ನಿನ ಗಾಯ ಒಳಗಿನಿಂದ ಬಿಟ್ಟುಕೊಂಡು, ಹರ್ನಿಯಾ (ಗೋಡೆಯ ತೂತಿನಿಂದ ಕರುಳು ಹೊರಗೆ ಉಬ್ಬುವುದು) ವರ್ಷದಿಂದ ವರ್ಷಕ್ಕೆ ಬೆಳೆದಿರಬಹುದು. ಇನ್ನು ಕೆಲವರ ಹೊಟ್ಟೆಯನ್ನು ಡಾಕ್ಟರುಗಳೇ ಬೇಕೆಂದೇ ಮುಚ್ಚದೆ ಬಿಟ್ಟಿರುತ್ತಾರೆ. ಮನೆಯವರಿಗೆ ಅತಿ ಹೆಚ್ಚು ಗಾಬರಿ ಆಗುವುದು ಇದರಲ್ಲೇ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೊಡ್ಡ ಗಾಯವಾದಾಗ ಅಥವಾ ಹೊಟ್ಟೆಯೊಳಗೆ ಕೀವು ತುಂಬಿದಾಗ ಕರುಳು ಊದಿಕೊಳ್ಳುತ್ತದೆ. ಅದನ್ನು ಒಳಗೆ ತುರುಕಿ ಬಲವಂತವಾಗಿ ಹೊಲಿದರೆ ಒಳಗಿನ ಒತ್ತಡ ಏರುತ್ತದೆ. ಮೂತ್ರಕೋಶಕ್ಕೆ ಹಾಕಿದ ನಳಿಕೆಯ ಮೂಲಕ ಈ ಒತ್ತಡವನ್ನು ಅಳೆಯುತ್ತಾರೆ. ಅದು 20 ಮಿಲಿಮೀಟರ್ ಪಾದರಸಕ್ಕಿಂತ ಮೇಲೆಯೇ ನಿಂತು, ಜೊತೆಗೆ ಅಂಗಗಳು ಕೈಕೊಡಲು ಶುರುವಾದರೆ ಪ್ರಾಣಕ್ಕೇ ಅಪಾಯ. ಕಿಡ್ನಿಗೆ ರಕ್ತ ಸಾಲುವುದಿಲ್ಲ, ಶ್ವಾಸಕೋಶ ಅರಳುವುದಕ್ಕೆ ಜಾಗ ಇರುವುದಿಲ್ಲ. ಅದಕ್ಕೇ ಹೊಟ್ಟೆಯನ್ನು ತೆರೆದಿಟ್ಟು, ಮೇಲೆ ತಾತ್ಕಾಲಿಕವಾಗಿ ಏನಾದರೂ ಹೊದಿಸುತ್ತಾರೆ. 1984ರಲ್ಲಿ ಕೊಲಂಬಿಯಾದ ಬೊಗೋಟ ನಗರದಲ್ಲಿ ಒಸ್ವಾಲ್ಡೊ ಬೊರಾಯೆಸ್ ಎಂಬ ಯುವ ಡಾಕ್ಟರ್ ಸಲೈನ್ ಬರುವ ಪ್ಲಾಸ್ಟಿಕ್ ಚೀಲವನ್ನೇ ಕತ್ತರಿಸಿ, ಹೊಟ್ಟೆಯ ಅಂಚಿಗೆ ಹೊಲಿದರು. ಅದು ಬೊಗೋಟ ಬ್ಯಾಗ್ ಅಂತಲೇ ಪ್ರಪಂಚವೆಲ್ಲ ಹೆಸರಾಯಿತು. ಬೇರೆ ಅನುಕೂಲ ಇಲ್ಲದ ಕಡೆ ಇವತ್ತಿಗೂ ಅದು ಜೀವ ಉಳಿಸುತ್ತದೆ. ಈಗ ಗಾಯದ ನೀರನ್ನು ಎಳೆದುಕೊಳ್ಳುವ ವ್ಯಾಕ್ಯೂಮ್ ಪಟ್ಟಿಗಳೂ ಬಂದಿವೆ.

ಊತ ಇಳಿದ ಮೇಲೆ ಅಂಚುಗಳು ಹತ್ತಿರ ಬಂದರೆ ಹೊಲಿದು ಮುಗಿಸುತ್ತಾರೆ. ಬರದಿದ್ದರೆ, ಕರುಳಿನ ಮೇಲೆ ಕೆಂಪು ಹೊಸ ಮಾಂಸ ಬೆಳೆಯುವವರೆಗೆ ಕಾದು, ತೊಡೆಯಿಂದ ಕಾಗದದಷ್ಟು ತೆಳುವಾದ ಚರ್ಮ ತೆಗೆದು ಅದರ ಮೇಲೆ ಕೂರಿಸುತ್ತಾರೆ. ಇದು ಸ್ಕಿನ್ ಗ್ರಾಫ್ಟ್. ಗಾಯ ಮುಚ್ಚಿತು, ಆದರೆ ಗೋಡೆ ಇಲ್ಲ. ಚರ್ಮದ ಕೆಳಗೆ ನೇರವಾಗಿ ಕರುಳು. ಅದು ಹೊರಳುವುದು ಮೇಲಿನಿಂದಲೇ ಕಾಣುತ್ತದೆ. ಈ ಸ್ಥಿತಿಯಲ್ಲಿ ರೋಗಿಯನ್ನು ಮನೆಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಬಿಟ್ಟು ಮುಂದಿನ ಆಪರೇಷನ್ ಅನ್ನುತ್ತಾರೆ.

ಮನೆಯವರು ಅರ್ಥ ಮಾಡಿಕೊಳ್ಳುವುದು ಹೇಗೆ ಗೊತ್ತಾ? "ಅರ್ಧ ಮಾಡಿ ಕೈಬಿಟ್ಟರು" ಅಂತ. ನೆಂಟರು ಬೇರೆ ಆಸ್ಪತ್ರೆಗೆ ಹೋಗೋಣ ಅನ್ನುತ್ತಾರೆ. ಬೇಗ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಓದುಗರು ದಯವಿಟ್ಟು ಒಂದು ಮಾತು ನೆನಪಿಡಬೇಕು. ಆ ಕಾಯುವಿಕೆ ಚಿಕಿತ್ಸೆಯ ಭಾಗ. ಮೊದಲ ತಿಂಗಳುಗಳಲ್ಲಿ ಹಾಕಿದ ಚರ್ಮ ಕರುಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆಗ ಕೈಹಾಕಿದರೆ ಬಿಡಿಸುವಾಗ ಕರುಳು ಹರಿಯುತ್ತದೆ. ಹರಿದ ಕರುಳಿನಿಂದ ಮಲ ಹೊಟ್ಟೆಯ ಮೇಲೆಯೇ ಸೋರಲು ಶುರುವಾದರೆ ಅದನ್ನು ಸರಿಪಡಿಸುವುದು ಮೊದಲಿನದಕ್ಕಿಂತ ದೊಡ್ಡ ಕೆಲಸ. ತಿಂಗಳು ಕಳೆದ ಹಾಗೆ ಆ ಅಂಟು ಸಡಿಲವಾಗುತ್ತದೆ. ಸರ್ಜನ್ ಹೊರರೋಗಿ ವಿಭಾಗದಲ್ಲಿ ಆ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಚಿವುಟಿ ಎತ್ತುತ್ತಾರೆ. ಚರ್ಮ ಮಾತ್ರ ಮಡಿಕೆಯಾಗಿ ಮೇಲೆ ಬಂದು ಕರುಳು ಕೆಳಗೇ ಉಳಿದರೆ, ಈಗ ಮಾಡಬಹುದು ಅಂತ ಲೆಕ್ಕ. ಅಷ್ಟು ಸರಳ ಪರೀಕ್ಷೆ. ಪ್ರತಿ ಸಲ ಬಂದಾಗಲೂ ಅವರು ಸುಮ್ನೆ ಮುಟ್ಟಿ ನೋಡಿ ಕಳಿಸುತ್ತಾರೆ ಅಂತ ಬೇಸರ ಮಾಡಿಕೊಳ್ಳುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಕಾಯುವ ತಿಂಗಳುಗಳು ಖಾಲಿ ಕೂರುವ ತಿಂಗಳುಗಳೂ ಅಲ್ಲ. ಹೊಟ್ಟೆಗೆ ಅಗಲವಾದ ಎಲಾಸ್ಟಿಕ್ ಬೆಲ್ಟ್ ಹಾಕಬೇಕು. ಎದ್ದು ಓಡಾಡುವಾಗ ಅದು ಗೋಡೆಯ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಹಾಸಿಗೆಯಿಂದ ಏಳುವಾಗ ನೇರವಾಗಿ ಎದ್ದು ಕೂರಬಾರದು. ಮೊದಲು ಮಂಡಿ ಮಡಚಿ, ಭುಜ ಸೊಂಟ ಒಟ್ಟಿಗೆ ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ದಿನಾ ನಡೆಯಬೇಕು. ಉಸಿರಾಟದ ವ್ಯಾಯಾಮ ಮಾಡಬೇಕು. ಇದಕ್ಕೆ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ತಿಂಗಳುಗಟ್ಟಲೆ ಹೊರಗೆ ಜೋತುಬಿದ್ದಿದ್ದ ಕರುಳನ್ನು ಒಂದೇ ದಿನ ಒಳಗೆ ಹಾಕಿ ಮುಚ್ಚಿದಾಗ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ಶ್ವಾಸಕೋಶಕ್ಕೆ ತಯಾರಿ ಇಲ್ಲದಿದ್ದರೆ ರೋಗಿ ವೆಂಟಿಲೇಟರಿನಲ್ಲೇ ಉಳಿಯಬಹುದು. ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ಬೊಜ್ಜಿದ್ದರೆ ಇಳಿಯಬೇಕು, ಸೊರಗಿದವರಿಗೆ ಪ್ರೊಟೀನ್ ಜಾಸ್ತಿ ಸಿಗಬೇಕು. ತಂಬಾಕು ಕೊನೇ ಪಕ್ಷ ನಾಲ್ಕು ವಾರ ಮೊದಲೇ ನಿಲ್ಲಬೇಕು. ಸೇದಿದರೂ ಅಗಿದರೂ ನಿಕೋಟಿನ್ ರಕ್ತಕ್ಕೆ ಸೇರಿ ಸಣ್ಣ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ತೊಡೆಯಿಂದ ತಂದ ಮಾಂಸ ಬದುಕುವುದೇ ಅಂಥ ಸಣ್ಣ ನಾಳಗಳಿಂದ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಇಷ್ಟೆಲ್ಲ ಯಾಕೆ, ಮೆಶ್ (ಗೋಡೆಗೆ ಆಸರೆಯಾಗಿ ಹೊಲಿಯುವ ಬಲೆ) ಹಾಕಿ ಮುಚ್ಚಬಾರದಾ? ಹರ್ನಿಯಾಗೆ ಮೆಶ್ ಹಾಕುವುದು ಒಳ್ಳೆಯ ಚಿಕಿತ್ಸೆಯೇ. ಹಳೆಯ ಆಪರೇಷನ್ ಗಾಯದಲ್ಲಿ ಬಂದ ಹರ್ನಿಯಾಗಳ ಬಗ್ಗೆ ನೆದರ್ಲೆಂಡ್ಸಿನಲ್ಲಿ ನಡೆದ ಒಂದು ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. ಹತ್ತು ವರ್ಷದ ಹೊತ್ತಿಗೆ ಬರೀ ಹೊಲಿಗೆ ಹಾಕಿದವರಲ್ಲಿ 63 ಶೇಕಡಾ, ಮೆಶ್ ಹಾಕಿದವರಲ್ಲಿ 32 ಶೇಕಡಾ ಮಂದಿಗೆ ಹರ್ನಿಯಾ ಮರಳಿತ್ತು. ಅದೂ 6 ಸೆಂಟಿಮೀಟರಿಗಿಂತ ಚಿಕ್ಕ ಹರ್ನಿಯಾಗಳಲ್ಲಿ! ಹಾಗಿದ್ದ ಮೇಲೆ ಅಂಗೈಗಿಂತ ದೊಡ್ಡ ತೂತಿನ ಅಂಚುಗಳನ್ನು ಎಳೆದು ಹೊಲಿದು ಕಳಿಸಿದರೆ ಏನಾದೀತು? ಹಾಗೆ ಒಂದು, ಎರಡು, ಮೂರು ಸಲ ಹೊಲಿಸಿಕೊಂಡು, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಗೋಡೆ ಕಳೆದುಕೊಂಡು ಬರುವವರನ್ನು ನೋಡಿದಾಗ ನನಗೆ ನಿಜವಾಗಲೂ ಸಂಕಟವಾಗುತ್ತದೆ. ಮೊದಲ ಸೋಲಿಗೇ ದೊಡ್ಡ ತಂಡ ಇರುವ ಕಡೆ ಕಳಿಸಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಮೆಶ್ಶಿಗೂ ಮಿತಿ ಇದೆ. ಕರುಳಿಗೆ ನೇರವಾಗಿ ತಾಗಿದರೆ ಸಾಮಾನ್ಯ ಮೆಶ್ ಕರುಳನ್ನು ಕೊರೆಯಬಹುದು. ಸೋಂಕಿದ್ದರೆ ಅಲ್ಲಿ ಅದು ನಿಲ್ಲುವುದು ಕಷ್ಟ. ಮೇಲೆ ಮುಚ್ಚಲು ಒಳ್ಳೆಯ ಚರ್ಮ ಇಲ್ಲದಿದ್ದರೆ ಹೊರಗೆ ಕಾಣಿಸಿಕೊಳ್ಳುತ್ತದೆ. ಆಗ ಬೇಕಾಗುವುದು ರಕ್ತ ಓಡಾಡುವ ಜೀವಂತ ಮಾಂಸ.

ತೂತು ನಡುಮಧ್ಯದಲ್ಲಿದ್ದು ಪಕ್ಕದ ಸ್ನಾಯುಗಳು ಚೆನ್ನಾಗಿದ್ದರೆ ದೂರದಿಂದ ಏನೂ ತರಬೇಕಿಲ್ಲ. 1990ರಲ್ಲಿ ಆಸ್ಕರ್ ರಾಮಿರೆಜ್ ಮತ್ತು ಜೊತೆಗಾರರು ಒಂದು ವಿಧಾನ ಪ್ರಕಟಿಸಿದರು. ಪಕ್ಕದ ಮೂರು ಪದರಗಳಲ್ಲಿ ಹೊರಗಿನದನ್ನು ಉದ್ದಕ್ಕೂ ಬಿಡಿಸಿದರೆ, ಉಳಿದ ಪದರಗಳು ನಡುವಿನ ಸ್ನಾಯುಪಟ್ಟಿಯ ಜೊತೆ ಮಧ್ಯಕ್ಕೆ ಸರಿದು ಬರುತ್ತವೆ. ಸೊಂಟದ ಮಟ್ಟದಲ್ಲಿ ಒಂದೊಂದು ಕಡೆ 10 ಸೆಂಟಿಮೀಟರ್‌ವರೆಗೆ, ಎದೆಗೂಡಿನ ಕೆಳಗೆ 5, ತೀರಾ ಕೆಳಹೊಟ್ಟೆಯಲ್ಲಿ 3. ಇದರ ದೊಡ್ಡ ಲಾಭ ಅಂದರೆ ಬರುವ ಸ್ನಾಯು ತನ್ನ ನರದ ಜೊತೆಗೇ ಬರುತ್ತದೆ, ಹಾಗಾಗಿ ಕೆಲಸವನ್ನೂ ಮಾಡುತ್ತದೆ. ನನ್ನ ಕಣ್ಣಿಗೆ ಈ ರೋಗಿಗಳೇ ಬೇಗ ಚೇತರಿಸಿಕೊಳ್ಳುವವರು. ಬೇರೆ ಪದರ ಬಿಡಿಸುವ ವಿಧಾನಗಳೂ ಆಮೇಲೆ ಬಂದಿವೆ. ಹೆಚ್ಚಿನವರಿಗೆ ಇದರ ಜೊತೆ ಮೆಶ್ ಕೂಡ ಹಾಕುತ್ತಾರೆ.

ಪಕ್ಕದ ಗೋಡೆಯೇ ಹೋಗಿದ್ದರೆ, ಚರ್ಮವೂ ಸಾಲದಿದ್ದರೆ, ತೊಡೆಯ ಕಡೆ ನೋಡಬೇಕು. ಇದೇನೂ ನಿನ್ನೆ ಮೊನ್ನೆ ಹೊಳೆದದ್ದಲ್ಲ. ತೊಡೆಯ ಹೊರಬದಿಯ ಗಟ್ಟಿ ಪೊರೆಯನ್ನು ತಿರುಗಿಸಿ ಹೊಟ್ಟೆಯ ತೂತಿಗೆ ಬಳಸುವುದನ್ನು ಅಮೆರಿಕದ ಸರ್ಜನ್ ಓವನ್ ವ್ಯಾಂಗನ್‌ಸ್ಟೀನ್ 1934ರಲ್ಲೇ ಬರೆದಿದ್ದರು. ತೊಡೆಯ ಮುಂದಿನ ಹೊರಭಾಗದ ಫ್ಲಾಪನ್ನು (ರಕ್ತನಾಳದ ಸಮೇತ ಎತ್ತುವ ಚರ್ಮ, ಮಾಂಸದ ತುಂಡು) ಚೀನಾದ ಡಾಕ್ಟರುಗಳು 1984ರಲ್ಲಿ ವಿವರಿಸಿದರು. ಇವತ್ತು ಬಹಳ ಕಡೆ ಮೊದಲ ಆಯ್ಕೆ ಅದೇ. ಆಪರೇಷನ್ನಿಗೆ ಮೊದಲು ಸರ್ಜನ್ ಮಾರ್ಕರ್ ಪೆನ್ ಹಿಡಿದು ಸೊಂಟದ ಮುಂದಿನ ಮೂಳೆಯಿಂದ ಮಂಡಿಚಿಪ್ಪಿನ ಹೊರಮೂಲೆಗೆ ಒಂದು ಗೆರೆ ಎಳೆಯುತ್ತಾರೆ. ಗೆರೆಯ ನಟ್ಟನಡುವಿನ ಬಿಂದುವಿನಿಂದ ಸುತ್ತಲೂ 3 ಸೆಂಟಿಮೀಟರ್ ದೂರದೊಳಗೆ ಡಾಪ್ಲರ್ (ರಕ್ತ ಹರಿಯುವುದನ್ನು ಶಬ್ದವಾಗಿ ಕೇಳಿಸುವ ಯಂತ್ರ) ಇಟ್ಟು ಕೇಳುತ್ತಾ ಹೋದರೆ ಒಂದು ಕಡೆ "ಹುಶ್ ಹುಶ್" ಅಂತ ಶಬ್ದ ಬರುತ್ತದೆ. ಅಲ್ಲಿ ಚುಕ್ಕೆ ಇಡುತ್ತಾರೆ. ಒಳಗಿನಿಂದ ಚರ್ಮಕ್ಕೆ ರಕ್ತ ತರುವ ಸಣ್ಣ ನಾಳ ಇರುವುದು ಅಲ್ಲಿ. ಆ ಚುಕ್ಕೆಯ ಸುತ್ತ ಚರ್ಮ, ಕೊಬ್ಬು, ಗಟ್ಟಿ ಪೊರೆ, ಬೇಕಿದ್ದರೆ ಸ್ನಾಯು ಎಲ್ಲವನ್ನೂ ನಾಳ ಕಡಿಯದೆ ಎತ್ತಿ ಹೊಟ್ಟೆಗೆ ತಿರುಗಿಸುತ್ತಾರೆ. ಸ್ಕಿನ್ ಗ್ರಾಫ್ಟಿಗೂ ಫ್ಲಾಪಿಗೂ ಇರುವ ವ್ಯತ್ಯಾಸ ಇದೇ. ಗ್ರಾಫ್ಟ್ ಬರಿಗೈಯಲ್ಲಿ ಬಂದು ಕೂತ ಜಾಗದಿಂದ ರಕ್ತ ಪಡೆಯಬೇಕು. ಫ್ಲಾಪ್ ತನ್ನ ರಕ್ತವನ್ನು ತಾನೇ ತರುತ್ತದೆ, ಅದಕ್ಕೇ ಸೋಂಕಿನ ಜಾಗದಲ್ಲೂ ಬದುಕುತ್ತದೆ. ಹೊಟ್ಟೆಯ ಮೇಲ್ಭಾಗದ ತೂತಾದರೆ ಬೆನ್ನಿನ ಅಗಲ ಸ್ನಾಯುವನ್ನು ಬಳಸುವುದುಂಟು. ನಾಳವನ್ನು ಪೂರ್ತಿ ಬಿಡಿಸಿ ಮೈಕ್ರೋಸ್ಕೋಪಿನ ಕೆಳಗೆ ಬೇರೆ ಕಡೆ ಜೋಡಿಸುವುದೂ ಉಂಟು.

ಆಮೇಲಿನ ಎರಡು ಮೂರು ದಿನ ವಾರ್ಡಿನ ನರ್ಸುಗಳದ್ದು. ನಿಮ್ಮ ವರದಿಯಲ್ಲಿ ಅವರ ಹೆಸರೇ ಇರಲಿಲ್ಲ, ಅದು ನನಗೆ ಬಹಳ ಬೇಜಾರಾಯಿತು. ಮೊದಲ ದಿನವಂತೂ ಗಂಟೆಗೊಮ್ಮೆ ಬಂದು, ರಾತ್ರಿಯಾದರೂ ಲೈಟ್ ಹಾಕಿ, ಫ್ಲಾಪನ್ನು ನೋಡಬೇಕು. ಬಣ್ಣ ನೋಡಬೇಕು, ಬೆಚ್ಚಗಿದೆಯಾ ಮುಟ್ಟಿ ನೋಡಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನ ಆಸುಪಾಸಿನಲ್ಲಿ ಬಣ್ಣ ಮರಳಬೇಕು. ತಣ್ಣಗಾಗಿ ಬಿಳಿಚಿಕೊಂಡು ಬಣ್ಣ ಮರಳದಿದ್ದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿ ತಿರುಗಿ, ಊದಿಕೊಂಡು, ಒತ್ತಿ ಬಿಟ್ಟ ತಕ್ಷಣ ಬಣ್ಣ ಬಂದರೆ ರಕ್ತ ಹೊರಗೆ ಹೋಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ತಡಮಾಡದೆ ಸರ್ಜನ್ನಿಗೆ ಫೋನ್ ಹೋಗಬೇಕು. ಕೆಲವೇ ಗಂಟೆಗಳಲ್ಲಿ ಮತ್ತೆ ಥಿಯೇಟರಿಗೆ ಹೋದರೆ ಫ್ಲಾಪ್ ಉಳಿಯುವ ಅವಕಾಶ ಇರುತ್ತದೆ. ಬೆಳಿಗ್ಗೆ ರೌಂಡ್ಸಿಗೆ ಬಂದಾಗ ತೋರಿಸೋಣ ಅಂದುಕೊಂಡರೆ ಹೋಯಿತು. ನಡುರಾತ್ರಿ ಆ ನೀಲಿಯನ್ನು ಕಂಡು ಫೋನ್ ಮಾಡಿದ ನರ್ಸಿನಿಂದ ಉಳಿದ ಹೊಟ್ಟೆಗಳಿವೆ.

ಬೆಲ್ಟಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಬೆಲ್ಟ್ ಹಾಕಿ ಅಂತ ನಾವೇ ಹೇಳಿರುತ್ತೇವೆ. ಹಾಗಾಗಿ ಆಪರೇಷನ್ ಆದ ಮರುದಿನವೇ ಮನೆಯವರು ಪ್ರೀತಿಯಿಂದ, ಒಳ್ಳೆಯದಾಗಲಿ ಅಂತ, ಅದೇ ಬೆಲ್ಟನ್ನು ಬಿಗಿಯಾಗಿ ಕಟ್ಟಿಬಿಡುತ್ತಾರೆ. ತೊಡೆಸಂದಿನ ಮೂಲಕ ಬರುವ ನಾಳ ಅದರ ಕೆಳಗೆ ಸಿಕ್ಕಿಕೊಂಡರೆ, ಮಡಚಿದ ಪೈಪಿನಲ್ಲಿ ನೀರು ನಿಂತ ಹಾಗೆ ರಕ್ತ ನಿಲ್ಲುತ್ತದೆ. ಫ್ಲಾಪ್ ಆದ ಮೇಲೆ ಬೆಲ್ಟ್ ಯಾವಾಗ, ಎಷ್ಟು ಬಿಗಿ, ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಸರ್ಜನ್ ಹೇಳಬೇಕು. ಕಾಲನ್ನು ಎಷ್ಟು ಮಡಚಬಹುದು, ಎಷ್ಟು ದಿನ ನೇರ ಚಾಚಬಾರದು ಅನ್ನುವುದೂ ಅಷ್ಟೇ. ಒಬ್ಬೊಬ್ಬರಿಗೆ ಒಂದೊಂದು ಥರ.

ತೊಡೆಯನ್ನು ಎಲ್ಲರೂ ಮರೆಯುತ್ತಾರೆ. ಗಮನವೆಲ್ಲ ಹೊಟ್ಟೆಯ ಮೇಲೆ. ಆದರೆ ಅಗಲ ಸಣ್ಣದಿದ್ದರೆ ಮಾತ್ರ ತೊಡೆಯ ಗಾಯವನ್ನು ನೇರವಾಗಿ ಹೊಲಿಯಬಹುದು, ಇಲ್ಲದಿದ್ದರೆ ಅಲ್ಲಿಗೂ ಗ್ರಾಫ್ಟ್ ಬೇಕು. ಮಂಡಿಯ ಹತ್ತಿರ ಜೋಮು ಹಿಡಿದ ಹಾಗೆ ಇರುತ್ತದೆ. ತೊಡೆಯ ಸ್ನಾಯುವನ್ನೂ ತೆಗೆದಿದ್ದರೆ ಮಂಡಿಯನ್ನು ಪೂರ್ತಿ ನೇರ ಮಾಡುವುದಕ್ಕೆ ಕಡೆಯ ಸ್ವಲ್ಪದಲ್ಲಿ ಬಲ ಸಾಲುವುದಿಲ್ಲ. ನಾನು ಕುರ್ಚಿಯಲ್ಲಿ ಕೂರಿಸಿ "ಕಾಲು ಎತ್ತಿ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅನ್ನುವುದು ಅದಕ್ಕೇ. ಮೆಟ್ಟಿಲು ಇಳಿಯುವಾಗ ಮಂಡಿ ಕುಸಿಯಬಾರದು ಅಂದರೆ ಆ ಕಡೆಯ ಸ್ವಲ್ಪ ಬೇಕೇ ಬೇಕು. ವಾರಗಟ್ಟಲೆ ಮಾಡಿದರೆ ಹೆಚ್ಚಿನವರಿಗೆ ಬರುತ್ತದೆ.

ಇನ್ನೊಂದು ಮಾತನ್ನು ರೋಗಿಗೆ ಮೊದಲೇ ಹೇಳಬೇಕು. ತೊಡೆಯಿಂದ ಬಂದ ಫ್ಲಾಪ್ ಹೊಟ್ಟೆಯ ಸ್ನಾಯು ಆಗಿಬಿಡುವುದಿಲ್ಲ. ನರ ಜೋಡಿಸದಿದ್ದರೆ ಅದರಲ್ಲಿರುವ ಸ್ನಾಯು ಕಾಲಕ್ರಮೇಣ ತೆಳ್ಳಗಾಗುತ್ತದೆ. ತಡೆದು ಹಿಡಿಯುವುದು ಪೊರೆ, ಅದರ ಕೆಳಗೆ ಹಾಕಿದ ಮೆಶ್. ನರವನ್ನೂ ಜೋಡಿಸಿ ಸ್ನಾಯು ಕೆಲಸ ಮಾಡುವ ಹಾಗೆ ಮಾಡುವ ತಂಡಗಳಿವೆ, ಆದರೆ ಅದು ಎಲ್ಲ ಕಡೆ ಆಗುವುದಿಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ. ಆ ಜಾಗ ಸ್ವಲ್ಪ ಉಬ್ಬಿಕೊಂಡೇ ಇರಬಹುದು. ಉಬ್ಬು ಕಂಡ ಕೂಡಲೇ ಎಲ್ಲ ಹಾಳಾಯಿತು ಅಂತ ಅಳುವವರನ್ನು ನೋಡಿದ್ದೇನೆ. ಒಳಗಿನ ಗೋಡೆ ಗಟ್ಟಿಯಾಗಿಯೇ ಇದ್ದು ಮೇಲೆ ಉಬ್ಬಿರುವುದು ಬೇರೆ, ಮತ್ತೆ ಹರ್ನಿಯಾ ಬಂದಿರುವುದು ಬೇರೆ. ಅದನ್ನು ಡಾಕ್ಟರ್ ಪರೀಕ್ಷೆ ಮಾಡಿ, ಬೇಕಿದ್ದರೆ ಸ್ಕ್ಯಾನ್ ಮಾಡಿ ಹೇಳುತ್ತಾರೆ.

ಕೋಪ ಬಂದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ನೋಡಿಕೊಂಡ ರೋಗಿಯೊಬ್ಬರ ಅರ್ಜಿಯನ್ನು ವಿಮೆಯವರು ವಾಪಸ್ ಕಳಿಸಿದರು. ಪ್ಲಾಸ್ಟಿಕ್ ಸರ್ಜನ್ ಸಹಿ ಇದೆ, ಆದ್ದರಿಂದ ಇದು ಅಂದಕ್ಕೆ ಮಾಡಿಸಿಕೊಂಡದ್ದು ಅಂತ ಕಾರಣ ಕೊಟ್ಟಿದ್ದರು. ಆ ಮನುಷ್ಯನಿಗೆ ಕೂತಲ್ಲಿಂದ ಏಳಲು ಇನ್ನೊಬ್ಬರ ಕೈ ಬೇಕಿತ್ತು. ಅಂಗಿ ತೆಗೆದರೆ ಕರುಳು ಹೊರಳುವುದು ಕಾಣುತ್ತಿತ್ತು. ಇದರಲ್ಲಿ ಅಂದದ ಮಾತು ಎಲ್ಲಿಂದ ಬಂತು? ಡಾಕ್ಟರು ಉದ್ದನೆಯ ಪತ್ರ ಬರೆದು, ಫೋಟೋ ಲಗತ್ತಿಸಿ, ಮತ್ತೆ ಕಳಿಸಿದ ಮೇಲೆ ಒಪ್ಪಿದರು. ಅಷ್ಟು ದಿನ ಆತ ಸುಮ್ಮನೆ ಕಾಯಬೇಕಾಯಿತು. ಈ ಕಾಯುವಿಕೆಯಿಂದ ಯಾರಿಗೂ ಯಾವ ಉಪಯೋಗವೂ ಇರಲಿಲ್ಲ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಸಲ ಇಂಥ ವರದಿ ಬರೆಸುವಾಗ ಆ ರೋಗಿ ಆರು ತಿಂಗಳ ಮೇಲೆ ಹೇಗಿದ್ದಾರೆ ಅಂತ ಕೇಳಿಸಿ. ತಾವೇ ಎದ್ದು ಕೂರುತ್ತಾರಾ, ಗಟ್ಟಿಯಾಗಿ ಕೆಮ್ಮುತ್ತಾರಾ, ಮೆಟ್ಟಿಲು ಇಳಿಯುತ್ತಾರಾ, ಕೆಲಸಕ್ಕೆ ಹೋಗುತ್ತಾರಾ. ರಾತ್ರಿ ಪಾಳಿಯ ನರ್ಸುಗಳನ್ನೂ ಮಾತಾಡಿಸಿ. ಹೊಟ್ಟೆಗೆ ಬರೀ ಚರ್ಮ ಹೊದಿಸಿ ಮನೆಗೆ ಕಳಿಸಿದ ರೋಗಿಗಳ ಮನೆಯವರಿಗಾಗಿ, ಕಾಯುವ ತಿಂಗಳುಗಳಲ್ಲಿ ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಅನ್ನುವುದನ್ನು ಅರ್ಧ ಪುಟದಲ್ಲಾದರೂ ಹಾಕಿ. ಚರ್ಮ ತೆಳುವಾಗಿ ಹುಣ್ಣಾದರೆ, ಅದರಿಂದ ಹಳದಿ ಅಥವಾ ಹಸಿರು ನೀರು ಸೋರಿದರೆ, ವಾಂತಿಯ ಜೊತೆ ಹೊಟ್ಟೆ ಬಿಗಿದುಕೊಂಡರೆ ಅವತ್ತೇ ಆಸ್ಪತ್ರೆಗೆ ಬರಬೇಕು. ಎದ್ದು ಕೂರುವ ಕ್ರಮಕ್ಕೆ ಚಿತ್ರ ಬೇಕಿದ್ದರೆ ನಾನೇ ಬರೆದು ಕಳಿಸುತ್ತೇನೆ. ವಾರ್ಡಿನ ಗೋಡೆಗೆ ಅಂಟಿಸಲು ಬರೆದದ್ದು ನನ್ನ ಹತ್ತಿರ ಇದೆ.

ಇಂತಿ ನಿಮ್ಮ ಓದುಗಳು,
ಸರ್ಜರಿ ವಾರ್ಡಿನ ಫಿಸಿಯೊಥೆರಪಿಸ್ಟ್